ಕರ್ಟ್ ವಾರ್ನರ್: ಬರೀ ಅದೃಷ್ಟವಾ, ಇಲ್ಲ ನಿಜಕ್ಕೂ ದೊಡ್ಡ ಕ್ವಾರ್ಟರ್‌ಬ್ಯಾಕಾ?

ಮೂರನೇ_ಡೌನ್:
ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ನೋಡುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಕರ್ಟ್ ವಾರ್ನರ್ ಹೆಸರು ಬಂದರೆ ಸಾಕು, ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಅಯೋವಾದಲ್ಲಿ ರಾತ್ರಿ ಪಾಳಿಯಲ್ಲಿ ದಿನಸಿ ಅಂಗಡಿಯ ಶೆಲ್ಫ್ ತುಂಬಿಸುತ್ತಿದ್ದ, ಗಂಟೆಗೆ 5.50 ಡಾಲರ್ ಕೂಲಿ, ಕೆಲವೇ ವರ್ಷದಲ್ಲಿ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ, ಶುಭಂ. ಕಥೆ ಸುಳ್ಳಲ್ಲ. ಆದರೆ ಕೇಳಿ ಕೇಳಿ ನನಗೆ ಸಾಕಾಗಿದೆ.

ನನ್ನ ಪ್ರಕಾರ ಅವನ ಕೆರಿಯರ್‌ನ ಅಸಲಿ ಭಾಗ ಶುರುವಾಗುವುದೇ 2002ರಲ್ಲಿ, ಎಲ್ಲ ಕೈ ತಪ್ಪಿದ ಮೇಲೆ. ಎರಡು ಸಲ ಲೀಗಿನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದವನು ಮೂರು ತಂಡಗಳಲ್ಲಿ ಮೂವರು ಚಿಕ್ಕವರಿಗೆ ಜಾಗ ಬಿಟ್ಟುಕೊಟ್ಟ. ಸೇಂಟ್ ಲೂಯಿಸ್‌ನಲ್ಲಿ ಮಾರ್ಕ್ ಬಲ್ಜರ್, ನ್ಯೂಯಾರ್ಕ್‌ನಲ್ಲಿ ಈಲೈ ಮ್ಯಾನಿಂಗ್, ಅರಿಝೋನಾದಲ್ಲಿ ಮ್ಯಾಟ್ ಲೈನರ್ಟ್. ಆಮೇಲೆ 37ನೇ ವಯಸ್ಸಿನಲ್ಲಿ ಅದೇ ಅರಿಝೋನಾ ಕಾರ್ಡಿನಲ್ಸ್ ತಂಡವನ್ನು ಸೂಪರ್ ಬೌಲ್‌ವರೆಗೆ ಎಳೆದುಕೊಂಡು ಹೋದ. ಆ ತಂಡ ಅದಕ್ಕೂ ಮುಂಚೆ ಒಂದೇ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಅಂಗಡಿ ಕಥೆಗಿಂತ ಇದು ದೊಡ್ಡದು ಅಂತ ನಾನು ಹೇಳುತ್ತೇನೆ. ನೀವೇನಂತೀರಿ?

ಹುಬ್ಬಳ್ಳಿ_ಹೈದ:
ಅಣ್ಣಾರ, ನಾನು ಈ ಆಟ ನೋಡೋಕೆ ಶುರು ಮಾಡಿದ್ದು ಈಚೆಗೆ. ಎಲ್ಲರೂ ಕ್ವಾರ್ಟರ್‌ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಅಂತ ಯಾಕೆ ಇಷ್ಟು ಬಡಿದಾಡುತ್ತೀರಿ? ಮೈದಾನದಲ್ಲಿ ಒಂದು ಕಡೆ 11 ಜನ ಇರುತ್ತಾರೆ ಅಲ್ವಾ? ಮತ್ತೆ ಈ ವಾರ್ನರ್‌ಗೆ ಅಂಗಡಿಗೆ ಹೋಗುವ ಗತಿ ಯಾಕೆ ಬಂತು? ಕಾಲೇಜಿನಿಂದ ಸೀದಾ ತಂಡಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೆ.

ಮೂರನೇ_ಡೌನ್:
ಒಳ್ಳೆ ಪ್ರಶ್ನೆ. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಬಂದ ಮೇಲೆ ಅವನಿಗೆ ಸಿಗುವುದು ಹೆಚ್ಚೆಂದರೆ ಮೂರು ಸೆಕೆಂಡ್. ಅಷ್ಟರಲ್ಲಿ ಎದುರು ತಂಡದವರು ಎಲ್ಲಿ ನಿಂತಿದ್ದಾರೆ, ಯಾರು ತನ್ನ ಮೇಲೆ ನುಗ್ಗಿ ಬರುತ್ತಿದ್ದಾರೆ, ತನ್ನ ಓಟಗಾರರಲ್ಲಿ (ಪಾಸ್ ಹಿಡಿಯಲು ಓಡುವವರು) ಯಾರಿಗೆ ಜಾಗ ಸಿಗುತ್ತದೆ ಅಂತ ನೋಡಿ ಎಸೆಯಬೇಕು. ಎಸೆದದ್ದು ಎದುರಾಳಿಗೆ ಸಿಕ್ಕರೆ ಇಂಟರ್‌ಸೆಪ್ಷನ್. ಎಸೆಯದೆ ಇಟ್ಟುಕೊಂಡರೆ ನೂರಿಪ್ಪತ್ತು ಕೆಜಿಯವನು ಬಂದು ಮೇಲೆ ಬೀಳುತ್ತಾನೆ.

ವಾರ್ನರ್ ಓದಿದ್ದು ನಾರ್ದರ್ನ್ ಅಯೋವಾ ಯೂನಿವರ್ಸಿಟಿಯಲ್ಲಿ. ದೊಡ್ಡ ಫುಟ್‌ಬಾಲ್ ಕಾಲೇಜೇನೂ ಅಲ್ಲ. ಅಲ್ಲೂ ಕೊನೆಯ ವರ್ಷ, ಅಂದರೆ 1993ರ ತನಕ ಅವನಿಗೆ ಜಾಗವೇ ಸಿಗಲಿಲ್ಲ. 1994ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಹುಡುಗರನ್ನು ಸರದಿ ಪ್ರಕಾರ ಆರಿಸುವಾಗ, ಯಾವ ತಂಡವೂ ಆರಿಸಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಕ್ಯಾಂಪಿಗೆ ಕರೆಯಿತು, ಆದರೆ ಅಲ್ಲಿ ಬ್ರೆಟ್ ಫಾರ್ವ್, ಮಾರ್ಕ್ ಬ್ರೂನೆಲ್, ಟೈ ಡೆಟ್ಮರ್ ಮೂವರೂ ಇದ್ದರು. ಈ ಮೂವರನ್ನು ದಾಟಿ ನಾಲ್ಕನೆಯವನು ಯಾರಿಗೆ ಕಾಣುತ್ತಾನೆ? ಒಂದು ದಿನ ಕೋಚ್ ಸ್ಟೀವ್ ಮರಿಯೂಚಿ ಮೈದಾನಕ್ಕೆ ಇಳಿ ಅಂದಾಗ, ಪ್ಲೇಬುಕ್ ಇನ್ನೂ ಸರಿಯಾಗಿ ಓದಿಲ್ಲ, ತಯಾರಿಲ್ಲ ಅಂತ ಇವನೇ ಹಿಂದೆ ಸರಿದನಂತೆ. ಅಲ್ಲಿಗೆ ಮುಗಿಯಿತು. ಊರಿಗೆ ವಾಪಸ್, ಹೈ-ವೀ ಅಂಗಡಿ.

ಕಡ್ಲೆಪುರಿ:
ಶುರುವಾಯಿತು ನೋಡಿ ಭಜನೆ.

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. 1999ರ ಸೇಂಟ್ ಲೂಯಿಸ್ ರಾಮ್ಸ್ ತಂಡದಲ್ಲಿ ಯಾರ್ಯಾರು ಇದ್ದರು ನೋಡಿ. ಮಾರ್ಷಲ್ ಫಾಕ್, ಐಸಾಕ್ ಬ್ರೂಸ್, ಟೋರಿ ಹೋಲ್ಟ್, ಎಡಗಡೆ ಕಾವಲಿಗೆ ಆರ್ಲಾಂಡೊ ಪೇಸ್. ಇವರಲ್ಲಿ ಬಹುಪಾಲು ಹಾಲ್ ಆಫ್ ಫೇಮ್ (ದೊಡ್ಡ ಆಟಗಾರರ ಗೌರವ ಪಟ್ಟಿ) ಸೇರಿದವರೇ. ಆಟದ ಯೋಜನೆ ಬರೆಯುತ್ತಿದ್ದ ಕೋಚ್ ಮೈಕ್ ಮಾರ್ಟ್ಸ್. ಒಳ್ಳೆ ಅಕ್ಕಿ, ಒಳ್ಳೆ ಒಲೆ ಕೊಟ್ಟರೆ ಯಾರು ಬೇಕಾದರೂ ಅನ್ನ ಮಾಡುತ್ತಾರೆ. ಆ ಜಾಗ ಟ್ರೆಂಟ್ ಗ್ರೀನ್‌ದು. ದುಡ್ಡು ಕೊಟ್ಟು ಕರೆಸಿಕೊಂಡಿದ್ದು ಅವನನ್ನು. ಆಗಸ್ಟ್ ಕೊನೆಯಲ್ಲಿ ಅಭ್ಯಾಸದ ಆಟದಲ್ಲಿ ಚಾರ್ಜರ್ಸ್‌ನ ರಾಡ್ನಿ ಹ್ಯಾರಿಸನ್ ಮಂಡಿಗೆ ಬಂದು ಹೊಡೆದ, ಗ್ರೀನ್ ಇಡೀ ವರ್ಷ ಔಟ್. ಆ ಒಂದು ಏಟು ಬೀಳದಿದ್ದರೆ ಇವತ್ತು ನಾವು ವಾರ್ನರ್ ಅಂದರೆ ಯಾರು ಅಂತ ಕೇಳುತ್ತಿದ್ದೆವು.

ಸಾಕ್ಷಿ ಬೇಕಾ? 2000ದಲ್ಲಿ ವಾರ್ನರ್ ಕೈಗೆ ಪೆಟ್ಟಾಗಿ ಹೊರಗೆ ಕೂತಾಗ ಅದೇ ಗ್ರೀನ್ ಆಡಿದ. 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು), 5 ಇಂಟರ್‌ಸೆಪ್ಷನ್. ಆಮೇಲೆ ಬಲ್ಜರ್ ಬಂದ, ಅವನೂ ಚೆನ್ನಾಗೇ ಆಡಿದ. ಅಂದರೆ ಆ ಕುರ್ಚಿಯಲ್ಲಿ ಕೂತವರೆಲ್ಲ ಓಡಿಸಿದರು.

ಅಯೋವಾದವ:
ಕಡ್ಲೆಪುರಿ ಸರ್, ಅನ್ನ ಹೊತ್ತಿಸುವವರೂ ಇರುತ್ತಾರೆ ಅಲ್ವಾ 😄

ನಾನು ಡೆಮೊಯಿನ್‌ನಲ್ಲಿ ಇರುವುದು. ಮೊಸರು, ಸೊಪ್ಪು ತರುವುದು ಹೈ-ವೀಯಿಂದಲೇ. ಇಲ್ಲಿಯವರಿಗೆ ವಾರ್ನರ್ ಅಂದರೆ ಅಂಗಡಿಗಿಂತ ಜಾಸ್ತಿ ನೆನಪಾಗುವುದು ಬಾರ್ನ್‌ಸ್ಟಾರ್ಮರ್ಸ್, ಇಲ್ಲಿಯ ಅರೀನಾ ಫುಟ್‌ಬಾಲ್ ತಂಡ. ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅರೀನಾ ಫುಟ್‌ಬಾಲ್ ಅಂತ ಒಂದು ಲೀಗ್ ಇತ್ತು. ಒಳಾಂಗಣದ ಆಟ. ಐಸ್ ಹಾಕಿ ಆಡುವಷ್ಟು ಜಾಗದಲ್ಲಿ ಹಾಸು ಹಾಸಿ ಆಡುವುದು. ಮೈದಾನ ಬರೀ 50 ಯಾರ್ಡ್ ಉದ್ದ, ಅಂದರೆ ಎನ್‌ಎಫ್‌ಎಲ್ ಮೈದಾನದ ಅರ್ಧ. ಒಂದು ಕಡೆ 8 ಜನ. ಪಕ್ಕದಲ್ಲಿ ಗೆರೆ ಇಲ್ಲ, ಮೆತ್ತೆ ಹೊಡೆದ ಗೋಡೆ. ಓಡುವವನು ಗೋಡೆ ದಾಟಿ ಪ್ರೇಕ್ಷಕರ ಮಡಿಲಿಗೆ ಬಿದ್ದದ್ದೂ ಉಂಟು. ಗೋಲ್ ಕಂಬದ ಎರಡೂ ಬದಿ ಬಲೆ, ಅದಕ್ಕೆ ಬಡಿದು ವಾಪಸ್ ಬಂದ ಚೆಂಡನ್ನೂ ಹಿಡಿಯಬಹುದು. ಹುಚ್ಚು ಆಟ, ನೋಡಲು ಮಜಾ.

ಅಷ್ಟು ಚಿಕ್ಕ ಜಾಗದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಸಮಯ ಎಲ್ಲಿ? ಚೆಂಡು ಕೈಗೆ ಬಂತು, ಎದುರಿಗಿನವನು ಮುಖಕ್ಕೇ ಬಂದ. ಯೋಚನೆ ಮಾಡುವ ಮುಂಚೆ ಎಸೆಯಬೇಕು. ವಾರ್ನರ್ ಇಲ್ಲಿ 1995ರಿಂದ 1997ರ ತನಕ ಮೂರು ಸೀಸನ್ ಆಡಿದ, 183 ಟಚ್‌ಡೌನ್ ಎಸೆದ. 1997 ಒಂದೇ ವರ್ಷದಲ್ಲಿ 79. ತಂಡ 1996 ಮತ್ತು 1997 ಎರಡೂ ವರ್ಷ ಅರೀನಾ ಬೌಲ್ ಫೈನಲ್‌ಗೆ ಹೋಗಿ ಎರಡೂ ಸಲ ಸೋತಿತು. ಆಮೇಲೆ 1998ರಲ್ಲಿ ಎನ್‌ಎಫ್‌ಎಲ್ ಯುರೋಪ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್‌ಗೆ ಆಡಿದ. ಅಲ್ಲೂ ಲೀಗಿನಲ್ಲಿ ಅತಿ ಹೆಚ್ಚು ಯಾರ್ಡ್, ಅತಿ ಹೆಚ್ಚು ಟಚ್‌ಡೌನ್ ಇವನದೇ.

ಹೇಳಬೇಕೆಂದಿದ್ದು ಏನೆಂದರೆ, 1999ರಲ್ಲಿ ರಾಮ್ಸ್ ಕಡೆಯಿಂದ ಅವನು ಎಸೆಯುವುದನ್ನು ನೋಡಿ ಇಡೀ ದೇಶ ಎಲ್ಲಿಂದ ಬಂದನಪ್ಪಾ ಇವನು ಅಂತ ಬೆರಗಾದಾಗ ಡೆಮೊಯಿನ್‌ನವರು ಬೆರಗಾಗಲಿಲ್ಲ. ಅವರು ಅದನ್ನು ಮೂರು ವರ್ಷ ಟಿಕೆಟ್ ಕೊಟ್ಟು ನೋಡಿದ್ದರು. ಮಾರ್ಟ್ಸ್‌ನ ಆಟಕ್ಕೆ ಬೇಕಾಗಿದ್ದದ್ದೇ ಅಂಥ ಕೈ. ಓಟಗಾರ ತಿರುಗುವ ಮುಂಚೆಯೇ ಚೆಂಡು ಕೈ ಬಿಟ್ಟಿರಬೇಕು, ಅವನು ತಿರುಗುವಷ್ಟರಲ್ಲಿ ಚೆಂಡು ಅಲ್ಲಿರಬೇಕು.

ಹುಬ್ಬಳ್ಳಿ_ಹೈದ:
ಗೋಡೆ ಇರುವ ಫುಟ್‌ಬಾಲಾ! ಯೂಟ್ಯೂಬ್‌ನಲ್ಲಿ ಈಗಲೇ ನೋಡಿದೆ, ಒಬ್ಬ ಗೋಡೆ ಹಾರಿ ಬಿಯರ್ ಚೆಲ್ಲಿದ.

ಬೇ_ಏರಿಯಾ_ಭಾವ:
ನಮ್ಮ ಸ್ಯಾನ್ ಫ್ರಾನ್ಸಿಸ್ಕೊ 49ರ್ಸ್ ತಂಡದ ಕಡೆಯಿಂದ ಒಂದು ಮಾತು. ರಾಮ್ಸ್ ವಿರುದ್ಧ ನಾವು ಸತತ 17 ಆಟ ಗೆದ್ದಿದ್ದೆವು. 1999ರ ಅಕ್ಟೋಬರ್‌ನಲ್ಲಿ ಈ ಪುಣ್ಯಾತ್ಮ ಬಂದು 5 ಟಚ್‌ಡೌನ್ ಎಸೆದು 42-20ರಲ್ಲಿ ಮಣ್ಣು ಮುಕ್ಕಿಸಿದ. ಅದೃಷ್ಟ ಅಂತ ನೀವು ಬೇಕಾದರೆ ಹೇಳಿ, ಆ ಆಟ ನೋಡಿದ ನಮ್ಮ ಬಾಯಲ್ಲಿ ಆ ಮಾತು ಬರಲ್ಲ.

ಅಂದ ಹಾಗೆ, ಹಿಂದಿನ ವರ್ಷ ಆ ರಾಮ್ಸ್ 4-12, ಅಂದರೆ 4 ಗೆಲುವು, 12 ಸೋಲು. ಅದೇ 1999ರ ಫೆಬ್ರವರಿಯಲ್ಲಿ ಹೊಸದಾಗಿ ಶುರುವಾದ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಬೇಕಾದವರನ್ನು ಆರಿಸಿಕೊಳ್ಳಿ ಅಂತ ಪ್ರತಿ ತಂಡವೂ ಕೆಲವು ಆಟಗಾರರ ಹೆಸರು ಕೊಡಬೇಕಿತ್ತು. ರಾಮ್ಸ್ ಕೊಟ್ಟ ಪಟ್ಟಿಯಲ್ಲಿ ವಾರ್ನರ್ ಹೆಸರೂ ಇತ್ತು. ಬ್ರೌನ್ಸ್ ಬೇಡ ಅಂದರು! ಕ್ಲೀವ್‌ಲ್ಯಾಂಡ್‌ನವರ ಹಣೆಬರಹಕ್ಕೆ ಏನು ಹೇಳುವುದು.

ಮೂರನೇ_ಡೌನ್:
ಆ ವರ್ಷದ ಲೆಕ್ಕ ಹಾಕಿಬಿಡುತ್ತೇನೆ, ಆಮೇಲೆ ಮುಂದಕ್ಕೆ ಹೋಗೋಣ. 41 ಟಚ್‌ಡೌನ್, 13 ಇಂಟರ್‌ಸೆಪ್ಷನ್, 4,353 ಯಾರ್ಡ್, ತಂಡ 13-3. ಲೀಗಿನ ಎಂವಿಪಿ. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಸೂಪರ್ ಬೌಲ್, ಟೆನೆಸಿ ಟೈಟನ್ಸ್ ವಿರುದ್ಧ 23-16. ವಾರ್ನರ್ 414 ಯಾರ್ಡ್ ಎಸೆದ, ಅದು ಆಗ ದಾಖಲೆ.

ಅದರಲ್ಲಿ ಒಂದು ಎಸೆತ ಮಾತ್ರ ನಿಧಾನಕ್ಕೆ ನೋಡಬೇಕು. 16-0 ಮುಂದಿದ್ದ ರಾಮ್ಸ್ ಅನ್ನು ಟೈಟನ್ಸ್ 16-16ಕ್ಕೆ ತಂದು ನಿಲ್ಲಿಸಿದ್ದರು. ಎರಡು ನಿಮಿಷ ಉಳಿದಿತ್ತು. ಎಲ್ಲರೂ ಮೆಲ್ಲಗೆ ಹತ್ತು ಹತ್ತು ಯಾರ್ಡ್ ಹೋಗಿ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದೆಯುವುದು) ಹೊಡೆಯುತ್ತಾರೆ ಅಂದುಕೊಂಡರೆ ಇವನು ಮೊದಲ ಎಸೆತವನ್ನೇ ದೂರಕ್ಕೆ ಬಿಟ್ಟ. ಎಸೆಯುವ ಹೊತ್ತಿಗೆ ಸರಿಯಾಗಿ ಜೆವಾನ್ ಕರ್ಸ್ ಬಂದು ಅಪ್ಪಳಿಸಿದ, ಚೆಂಡು ಗುರಿಗಿಂತ ಹಿಂದೆ ಬಿತ್ತು. ಬ್ರೂಸ್ ಓಡುತ್ತಿದ್ದವನು ಹಿಂದಕ್ಕೆ ತಿರುಗಿ ನೋಡಿ, ಕಾಲು ತಡೆದು, ವಾಪಸ್ ಬಂದು ಹಿಡಿದ. ಬೆನ್ನಿಗೆ ಬಿದ್ದ ಡಿಫೆಂಡರ್ ಚೆಂಡನ್ನು ನೋಡಲೇ ಇಲ್ಲ, ಹಾಗೇ ಮುಂದಕ್ಕೆ ಹೋಗಿಬಿಟ್ಟ. 73 ಯಾರ್ಡ್ ಟಚ್‌ಡೌನ್. ವಾರ್ನರ್ ಅದನ್ನು ನೋಡಲಿಲ್ಲ, ನೆಲದ ಮೇಲೆ ಬಿದ್ದಿದ್ದ.

ಕಡ್ಲೆಪುರಿ:
ನೀವೇ ಹೇಳಿದಿರಿ ನೋಡಿ, ಚೆಂಡು ಹಿಂದೆ ಬಿತ್ತು, ಬ್ರೂಸ್ ಕಾಪಾಡಿದ ಅಂತ. ಆಮೇಲೂ ಗೆಲುವು ಉಳಿದಿದ್ದು ಮೈಕ್ ಜೋನ್ಸ್ ಕೆವಿನ್ ಡೈಸನ್‌ನನ್ನು ಒಂದು ಯಾರ್ಡ್ ದೂರದಲ್ಲಿ ಕೆಡವಿದ್ದರಿಂದ. ನನ್ನ ವಾದಕ್ಕೆ ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್.

ಈಗ ಮುಂದಿನ ಲೆಕ್ಕ ನಾನು ಹಾಕುತ್ತೇನೆ. 2001ರಲ್ಲಿ ಮತ್ತೆ ಎಂವಿಪಿ, ಸರಿ, 36 ಟಚ್‌ಡೌನ್. ಆದರೆ ಇಂಟರ್‌ಸೆಪ್ಷನ್ 22. ಸೂಪರ್ ಬೌಲ್‌ನಲ್ಲಿ 14 ಪಾಯಿಂಟ್ ಫೇವರಿಟ್ ಆಗಿದ್ದು ಟಾಮ್ ಬ್ರೇಡಿ ಅನ್ನುವ ಹೊಸ ಹುಡುಗನ ಪೇಟ್ರಿಯಟ್ಸ್ ಕೈಲಿ 20-17ರಲ್ಲಿ ಸೋತರು. ಟೈ ಲಾ ಇವನ ಎಸೆತ ಕಸಿದು 47 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. 2002ರಲ್ಲಿ ಇವನು ಶುರು ಮಾಡಿದ 6 ಆಟವೂ ಸೋಲು, 3 ಟಚ್‌ಡೌನ್, 11 ಇಂಟರ್‌ಸೆಪ್ಷನ್. 2003ರ ಮೊದಲ ಆಟ, ಜೈಂಟ್ಸ್ ವಿರುದ್ಧ, ಒಂದೇ ಆಟದಲ್ಲಿ 6 ಸಲ ಚೆಂಡು ಕೈಬಿಟ್ಟ. ಆರು! ಮುಂದಿನ ವಾರ ಬಲ್ಜರ್ ಬಂದ, ತಂಡ ಆ ವರ್ಷ 12-4. ಇದನ್ನು ದೊಡ್ಡ ಕ್ವಾರ್ಟರ್‌ಬ್ಯಾಕ್ ಅಂತಾರಾ?

ಗ್ಲೆಂಡೇಲ್_ಅಕ್ಕ:
ಕಡ್ಲೆಪುರಿ, ಆ 6 ಫಂಬಲ್ ಆಟದ ನಂತರ ಅವನಿಗೆ ತಲೆಗೆ ಪೆಟ್ಟಾಗಿದೆ ಅಂತ ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅದನ್ನೂ ಸೇರಿಸಿ ಹೇಳಬೇಕಲ್ವಾ? 2002ರಲ್ಲಿ ಬಲಗೈ ಬೆರಳು ಮುರಿದಿತ್ತು. ಚೆಂಡು ಹಿಡಿಯುವ ಕೈ ಅದು. ಮಾರ್ಟ್ಸ್ ಆಟದಲ್ಲಿ ಐದೂ ಜನ ಓಟಗಾರರನ್ನು ಮುಂದೆ ಕಳಿಸುತ್ತಿದ್ದ, ಕಾವಲಿಗೆ ಉಳಿಯುವವರು ಕಮ್ಮಿ. ಗೆದ್ದಾಗ ನೋಡಲು ಚಂದ. ಆದರೆ ಏಟು ತಿನ್ನುವವನು ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಅಷ್ಟು ವರ್ಷ ತಿಂದ ಏಟಿನ ಬಿಲ್ಲು 2002ರಲ್ಲಿ ಬಂತು, ಅಷ್ಟೆ.

ನಾನು ಅರಿಝೋನಾಕ್ಕೆ ಬಂದಾಗ ಕಾರ್ಡಿನಲ್ಸ್ ಅಂದರೆ ನಗು. ಆಫೀಸಿನಲ್ಲಿ ಯಾರಾದರೂ ಟಿಕೆಟ್ ಸುಮ್ನೆ ಕೊಟ್ಟರೂ ಜನ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಯ ಬಾರಿ ಚಾಂಪಿಯನ್ ಆಗಿದ್ದು 1947ರಲ್ಲಿ, ಅದೂ ಶಿಕಾಗೋದಲ್ಲಿದ್ದಾಗ! ವಾರ್ನರ್ 2005ರಲ್ಲಿ ಬಂದ. ಮುಂದಿನ ವರ್ಷವೇ ಕಾಲೇಜಿನ ಸ್ಟಾರ್ ಲೈನರ್ಟ್‌ನನ್ನು ತಂದರು, 4 ಆಟ ಆದ ಮೇಲೆ ಇವನನ್ನು ಕೂರಿಸಿದರು. ಇಲ್ಲಿಯ ಪೇಪರ್‌ಗಳಲ್ಲಿ ಮುಗಿದೇ ಹೋಯಿತು ಅನ್ನುವ ಹಾಗೆ ಬರೆಯುತ್ತಿದ್ದರು.

2007ರಲ್ಲಿ ಕೆನ್ ವಿಝನ್‌ಹಂಟ್ ಕೋಚ್ ಆಗಿ ಬಂದರು. ಲೈನರ್ಟ್ ಕಾಲರ್ ಬೋನ್ ಮುರಿದುಕೊಂಡ, ವಾರ್ನರ್ ಒಳಗೆ ಬಂದ. ನಡುವೆ ಅವನದೇ ಎಡ ಮೊಣಕೈ ಲಿಗಮೆಂಟ್ ಹರಿಯಿತು. ದೊಡ್ಡ ಬ್ರೇಸ್ ಕಟ್ಟಿಕೊಂಡೇ ಆಡಿದ, ಆ ವರ್ಷ 27 ಟಚ್‌ಡೌನ್. ಕೈ ಜಾರುವುದಕ್ಕೆ ಔಷಧಿ ಅಂತ ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ಎಸೆಯುತ್ತಿದ್ದ. ಫೀನಿಕ್ಸ್‌ನ ಈ ಬಿಸಿಲಲ್ಲಿ ಕ್ವಾರ್ಟರ್‌ಬ್ಯಾಕ್ ಗ್ಲೌಸ್ ಹಾಕುತ್ತಾನಲ್ಲ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಿದ್ದರು.

ಅಯೋವಾದವ:
ಅಕ್ಕಾ, 2008ರ ಡಿಸೆಂಬರ್ ಬರೆಯಿರಿ!

ಗ್ಲೆಂಡೇಲ್_ಅಕ್ಕ:
ಬರೆಯದೆ ಇರ್ತೀನಾ. ಆ ವರ್ಷ ತಂಡ 9-7. ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್‌ಗೆ ಹೋಗಿ ಹಿಮದಲ್ಲಿ 47-7ರಲ್ಲಿ ಸೋತು ಬಂದರು. ಪ್ಲೇಆಫ್‌ಗೆ (ನಾಕೌಟ್ ಸುತ್ತಿಗೆ) ಬಂದ ತಂಡಗಳಲ್ಲೇ ಇಷ್ಟು ಕಳಪೆ ತಂಡ ನೋಡಿಲ್ಲ ಅಂತ ಟೀವಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅಟ್ಲಾಂಟಾ ಸೋತಿತು. ಕ್ಯಾರೊಲೈನಾ ಅವರ ಊರಲ್ಲೇ ಸೋತಿತು. ಫಿಲಡೆಲ್ಫಿಯಾ ಇಲ್ಲಿಗೆ ಬಂತು.

ಆ ಫಿಲಡೆಲ್ಫಿಯಾ ಆಟ ಸ್ಟೇಡಿಯಂನಲ್ಲಿ ಕೂತು ನೋಡಿದ್ದೇನೆ. 24-6 ಮುಂದಿದ್ದೆವು, ನೋಡನೋಡುತ್ತ 25-24 ಹಿಂದೆ ಬಿದ್ದೆವು. ಪಕ್ಕದ ಸೀಟಿನ ಅಜ್ಜ ತಲೆ ಮೇಲೆ ಕೈ ಹೊತ್ತು ಕೂತ. ಹಳೇ ಕಾರ್ಡಿನಲ್ಸ್ ಆಗಿದ್ದರೆ ಅಲ್ಲಿಗೆ ಎದ್ದು ಪಾರ್ಕಿಂಗ್‌ಗೆ ಹೋಗಬಹುದಿತ್ತು. ವಾರ್ನರ್ ಮೆಲ್ಲಗೆ ತಂಡವನ್ನು ಇಡೀ ಮೈದಾನ ನಡೆಸಿಕೊಂಡು ಬಂದ. ಗಡಿಬಿಡಿಯೇ ಇಲ್ಲ. ನಾಲ್ಕನೇ ಡೌನ್ (ಕೊನೆಯ ಅವಕಾಶ) ಒಂದು ಬಂತು, ಅದೂ ಆಯಿತು. ಕೊನೆಗೆ ಟಿಮ್ ಹೈಟವರ್‌ಗೆ 8 ಯಾರ್ಡ್‌ನ ಪುಟ್ಟ ಪಾಸ್. 32-25. ಛಾವಣಿ ಇರುವ ಸ್ಟೇಡಿಯಂ ಅದು, ಆ ಗದ್ದಲಕ್ಕೆ ಎರಡು ದಿನ ಕಿವಿ ಕೇಳಲಿಲ್ಲ. ಅಂದು 4 ಟಚ್‌ಡೌನ್ ಎಸೆದ, ಮೂರು ಲ್ಯಾರಿ ಫಿಟ್ಜ್‌ಜೆರಾಲ್ಡ್‌ಗೆ.

ಕಡ್ಲೆಪುರಿ:
ಅಕ್ಕ ಬರೆದದ್ದು ಓದಿ ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಫಿಟ್ಜ್‌ಜೆರಾಲ್ಡ್ ಅಂದಿರಲ್ಲ, ಅಲ್ಲೇ ಇರೋದು ವಿಷಯ. 2008ರ ಪ್ಲೇಆಫ್‌ನಲ್ಲಿ ಆತ 4 ಆಟದಲ್ಲಿ 546 ಯಾರ್ಡ್, 7 ಟಚ್‌ಡೌನ್. ಜೊತೆಗೆ ಆಂಕ್ವಾನ್ ಬೋಲ್ಡಿನ್, ಸ್ಟೀವ್ ಬ್ರೆಸ್ಟನ್. ಆ ವರ್ಷ ಮೂವರೂ ಸಾವಿರ ಯಾರ್ಡ್ ದಾಟಿದರು. ಮತ್ತೆ ಒಳ್ಳೆ ಓಟಗಾರರೇ ಸಿಕ್ಕರು ಇವನಿಗೆ. ನ್ಯೂಯಾರ್ಕ್‌ನಲ್ಲಿ ಅಂಥವರು ಇರಲಿಲ್ಲ, 9 ಆಟದಲ್ಲಿ 6 ಟಚ್‌ಡೌನ್.

ಮೂರನೇ_ಡೌನ್:
ಸರಿ, ಇದಕ್ಕೆ ಉತ್ತರ ಇದೆ, ಮತ್ತೆ ನನ್ನ ಇಡೀ ವಾದ ನಿಂತಿರುವುದೂ ಇದರ ಮೇಲೆ.

ಅದೇ ಫಿಟ್ಜ್‌ಜೆರಾಲ್ಡ್, ಅದೇ ಬೋಲ್ಡಿನ್ 2006ರಲ್ಲೂ ಇದ್ದರು. ಹೆಚ್ಚಿನ ಆಟ ಆಡಿಸಿದ್ದು ಲೈನರ್ಟ್. ತಂಡ 5-11. 2008ರಲ್ಲಿ ವಾರ್ನರ್ ಜೊತೆ ಸೂಪರ್ ಬೌಲ್. 2009ರಲ್ಲಿ 10-6. ವಾರ್ನರ್ 2010ರ ಜನವರಿಯಲ್ಲಿ ನಿವೃತ್ತಿ ಹೇಳಿದ. ಮುಂದಿನ ಸೀಸನ್‌ನಲ್ಲಿ ಡೆರೆಕ್ ಆಂಡರ್ಸನ್, ಮ್ಯಾಕ್ಸ್ ಹಾಲ್, ಜಾನ್ ಸ್ಕೆಲ್ಟನ್ ಅಂತ ಒಬ್ಬರಾದ ಮೇಲೆ ಒಬ್ಬರನ್ನು ಇಳಿಸಿದರು, ಮತ್ತೆ 5-11. ಅದೇ ಕೋಚ್, ಅದೇ ಫಿಟ್ಜ್‌ಜೆರಾಲ್ಡ್. ಹೋದವನು ಯಾರು?

ಸೇಂಟ್ ಲೂಯಿಸ್‌ನಲ್ಲಿ ಕುರ್ಚಿ ದೊಡ್ಡದಿತ್ತು, ಒಪ್ಪುತ್ತೇನೆ. ಅರಿಝೋನಾದಲ್ಲಿ ಅವನು ಕೂತಾಗ ಮಾತ್ರ ಅದು ಕುರ್ಚಿಯಾಗಿತ್ತು.

ಕಡ್ಲೆಪುರಿ:
2010ಕ್ಕೆ ಬೋಲ್ಡಿನ್ ಬಾಲ್ಟಿಮೋರ್‌ಗೆ ಹೋಗಿದ್ದ, ಅದು ಬಿಟ್ಟಿರಿ.

ಆದರೆ ಸರಿ. 2006 ಮತ್ತು 2008ರ ಹೋಲಿಕೆ ಗಟ್ಟಿಯಾಗಿದೆ. ಅದಕ್ಕೆ ನನ್ನ ಹತ್ತಿರ ಮಾತಿಲ್ಲ.

ಬೇ_ಏರಿಯಾ_ಭಾವ:
ಕಡ್ಲೆಪುರಿ ಹತ್ತಿರ ಮಾತಿಲ್ಲ! ಅಡ್ಮಿನ್ ಇದನ್ನು ಪಿನ್ ಮಾಡಿ.

ಹುಬ್ಬಳ್ಳಿ_ಹೈದ:
ಮತ್ತೆ ಆ ಸೂಪರ್ ಬೌಲ್ ಗೆದ್ದರಾ ಇಲ್ವಾ? ಅದನ್ನು ಯಾರೂ ಹೇಳುತ್ತಿಲ್ಲ.

ಗ್ಲೆಂಡೇಲ್_ಅಕ್ಕ:
ಬೇಡ ತಮ್ಮಾ, ಹೊಟ್ಟೆ ಉರಿಯುತ್ತೆ. ಬೇರೆ ಯಾರಾದರೂ ಹೇಳಿ.

ಮೂರನೇ_ಡೌನ್:
2009ರ ಫೆಬ್ರವರಿ 1, ಟ್ಯಾಂಪಾ, ಎದುರಿಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್. 27-23ರಲ್ಲಿ ಸೋತರು.

ಎರಡು ಗಳಿಗೆ ಇವೆ ಆ ಆಟದಲ್ಲಿ. ಮೊದಲನೆಯದು ಅರ್ಧ ವಿರಾಮಕ್ಕೆ 18 ಸೆಕೆಂಡ್ ಇದ್ದಾಗ. 10-7 ಹಿಂದಿದ್ದ ಕಾರ್ಡಿನಲ್ಸ್ ಗೋಲ್ ಗೆರೆಯ ಬಾಗಿಲಲ್ಲೇ ನಿಂತಿದ್ದರು. ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಮೈಮೇಲೆ ನುಗ್ಗಿ ಬರುವವನ ಹಾಗೆ ನಿಂತಿದ್ದ. ಚೆಂಡು ಎದ್ದ ಕೂಡಲೇ ನುಗ್ಗುವ ಬದಲು ಎರಡು ಹೆಜ್ಜೆ ಹಿಂದಕ್ಕೆ ಸರಿದ. ವಾರ್ನರ್ ಬೋಲ್ಡಿನ್‌ಗೆ ಅಂತ ಎಸೆದದ್ದು ಸೀದಾ ಅವನ ಎದೆಗೇ ಹೋಯಿತು. ಅಲ್ಲಿಂದ ಆ ಭಾರೀ ಮನುಷ್ಯ 100 ಯಾರ್ಡ್ ಓಡಿದ. ಕೆಡವಲು ಬಂದವರೆಲ್ಲ ಜಾರಿದರು, ಆ ತುದಿಯ ಗೆರೆ ಮೇಲೆ ಹೋಗಿ ಬಿದ್ದ. ವಿರಾಮಕ್ಕೆ 14-10 ಮುಂದೆ ಇರಬೇಕಾದವರು 17-7 ಹಿಂದೆ.

ಎರಡನೆಯದು ಕೊನೆಯಲ್ಲಿ. 2 ನಿಮಿಷ 37 ಸೆಕೆಂಡ್ ಇರುವಾಗ ಫಿಟ್ಜ್‌ಜೆರಾಲ್ಡ್‌ಗೆ ನಡುವಿನಲ್ಲಿ ಒಂದು ಪಾಸ್, 64 ಯಾರ್ಡ್ ಟಚ್‌ಡೌನ್, ಮೊದಲ ಸಲ ಮುಂದೆ ಬಂದರು. ಸ್ಟೀಲರ್ಸ್ ವಾಪಸ್ ಬಂದರು, 35 ಸೆಕೆಂಡ್ ಇರುವಾಗ ಸ್ಯಾಂಟೋನಿಯೋ ಹೋಮ್ಸ್ ಮೂಲೆಯಲ್ಲಿ ಕಾಲ್ಬೆರಳ ತುದಿ ಊರಿ ಹಿಡಿದ. ಮುಗಿಯಿತು.

ವಾರ್ನರ್ ಅಂದು 377 ಯಾರ್ಡ್ ಎಸೆದಿದ್ದ. ಮೊದಲ ಸೂಪರ್ ಬೌಲ್‌ನಲ್ಲಿ 414, ಬ್ರೇಡಿ ವಿರುದ್ಧ ಸೋತದ್ದರಲ್ಲಿ 365. ಆ ರಾತ್ರಿ ಸೂಪರ್ ಬೌಲ್ ದಾಖಲೆ ಪುಸ್ತಕ ತೆಗೆದರೆ ಮೊದಲ ಮೂರು ಜಾಗವೂ ಅವನದೇ. 414ರ ದಾಖಲೆ ಮುರಿಯಲು 2017ರಲ್ಲಿ ಬ್ರೇಡಿಯೇ ಬರಬೇಕಾಯಿತು. ಮೂರರಲ್ಲಿ ಗೆದ್ದದ್ದು ಒಂದೇ, ಅದಕ್ಕೇ ಜನ ಅವನನ್ನು ಬ್ರೇಡಿ, ಪೇಟನ್ ಮ್ಯಾನಿಂಗ್ ಸಾಲಿನಲ್ಲಿ ಹೇಳುವುದಿಲ್ಲ. ಉಳಿದ ಎರಡೂ ಆಟದಲ್ಲಿ ಕೊನೆಯ ಎರಡು ಮೂರು ನಿಮಿಷದಲ್ಲಿ ಸಮ ಮಾಡಿದ್ದು ಅಥವಾ ಮುಂದೆ ತಂದದ್ದು ಅವನೇ. ಆಮೇಲೆ ಎದುರಾಳಿ ಚೆಂಡು ತೆಗೆದುಕೊಂಡು ಹೋಗಿ ಗೆದ್ದಾಗ ಇವನು ಬೆಂಚಿನಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ. ಅದಕ್ಕೆ ಅವನೇನು ಮಾಡಬೇಕಿತ್ತು?

ಕಡ್ಲೆಪುರಿ:
ಹ್ಯಾರಿಸನ್ ಕೈಗೆ ಕೊಡದೆ ಇರಬೇಕಿತ್ತು 🙂

ಮೈಸೂರು_ಮಲ್ಲಿಗೆಹೂ:
ಆಟದ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ನಮ್ಮ ಮಗಳು ಇಲ್ಲಿ ಓದುವಾಗ ಈ ಕುಟುಂಬದ ಬಗ್ಗೆ ಓದಿದ್ದೆ. ಆತನ ಹೆಂಡತಿ ಬ್ರೆಂಡಾ ಮೊದಲು ಅಮೆರಿಕದ ಮರೀನ್ಸ್ ಸೇನೆಯಲ್ಲಿದ್ದವರು. ಮದುವೆಗೆ ಮುಂಚೆಯೇ ಅವರಿಗೆ ಎರಡು ಮಕ್ಕಳು. ಮಗ ಝ್ಯಾಕ್‌ಗೆ ಮಗುವಾಗಿದ್ದಾಗ ತಲೆಗೆ ಪೆಟ್ಟಾಗಿ ದೃಷ್ಟಿ ಬಹುಪಾಲು ಹೋಗಿತ್ತು. 1996ರಲ್ಲಿ ಅರ್ಕಾನ್ಸಾಸ್‌ನಲ್ಲಿ ಸುಂಟರಗಾಳಿಗೆ ಆಕೆಯ ತಂದೆ ತಾಯಿ ಇಬ್ಬರೂ ಹೋದರು. ವಾರ್ನರ್ ಅರೀನಾದಲ್ಲಿ ಆಡುತ್ತಿದ್ದ ಕಾಲ ಅದು. ಅಂಗಡಿ ಕೂಲಿ, ಗೋಡೆ ಇರುವ ಫುಟ್‌ಬಾಲ್ ಅಂತೆಲ್ಲ ನೀವು ಬರೆಯುವಾಗ ಮನೆಯಲ್ಲಿ ಇದೆಲ್ಲ ನಡೆದಿತ್ತು ಅನ್ನುವುದೂ ಇರಲಿ ಅಂತ ಹೇಳಿದೆ.

ಗ್ಲೆಂಡೇಲ್_ಅಕ್ಕ:
ಹೌದು ಅಮ್ಮ. ಇಲ್ಲಿ ಗ್ಲೆಂಡೇಲ್‌ನಲ್ಲಿ ಟ್ರೆಷರ್ ಹೌಸ್ ಅಂತ ಒಂದು ಜಾಗ ಮಾಡಿದ್ದಾರೆ. ಬುದ್ಧಿ ಬೆಳವಣಿಗೆ ನಿಧಾನ ಇರುವ ದೊಡ್ಡ ಮಕ್ಕಳು ಸ್ವಂತವಾಗಿ ಬದುಕಲು. ಝ್ಯಾಕ್ ನೋಡಿಯೇ ಅವರಿಗೆ ಆ ಯೋಚನೆ ಬಂದದ್ದು.

ಬೇ_ಏರಿಯಾ_ಭಾವ:
ಹಾಲ್ ಆಫ್ ಫೇಮ್ ವಿಷಯಕ್ಕೆ ಬರೋಣ. 2015ರಿಂದ ಅರ್ಹತೆ ಇತ್ತು, ಮೊದಲೆರಡು ವರ್ಷ ಆಗಲಿಲ್ಲ, 2017ರಲ್ಲಿ ಆಯಿತು. ನನ್ನ ಪ್ರಕಾರ ತಡವಾದದ್ದೇ ತಪ್ಪು. ವಿರೋಧ ಇದ್ದವರ ಮಾತು ಏನೆಂದರೆ ನಡುವೆ ಐದು ವರ್ಷ ಖಾಲಿ ಅನ್ನುವುದು. ನಿಜವೇ. 208 ಟಚ್‌ಡೌನ್, 32,344 ಯಾರ್ಡ್ ಅಂದರೆ ಆ ಕಾಲದ ದೊಡ್ಡವರ ಮುಂದೆ ಕಮ್ಮಿ. ಆದರೆ ಎರಡು ಬೇರೆ ತಂಡಗಳನ್ನು, ಎರಡೂ ಹಾಳು ಬಿದ್ದಿದ್ದ ತಂಡಗಳನ್ನು ಸೂಪರ್ ಬೌಲ್‌ಗೆ ಒಯ್ದವರು ಎಷ್ಟು ಜನ ಇದ್ದಾರೆ? ಪ್ಲೇಆಫ್‌ನಲ್ಲಿ 13 ಆಟ, 9 ಗೆಲುವು, ಸರಾಸರಿ ಆಟಕ್ಕೆ 300 ಯಾರ್ಡ್‌ಗೂ ಜಾಸ್ತಿ. ಅರೀನಾ ಹಾಲ್ ಆಫ್ ಫೇಮ್‌ನಲ್ಲೂ ಇದ್ದಾನೆ. ಎರಡೂ ಕಡೆ ಇರುವ ಆಟಗಾರ ಅವನೊಬ್ಬನೇ.

ಅಯೋವಾದವ:
ಆ ಖಾಲಿ ವರ್ಷಗಳನ್ನು ಎಲ್ಲರೂ ಅವನ ವಿರುದ್ಧ ಎಣಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ ತಂಡ 5-4 ಮುಂದಿದ್ದಾಗ ಅವನನ್ನು ಕೂರಿಸಿ ಈಲೈಯನ್ನು ಇಳಿಸಿದರು. ಈಲೈ ಉಳಿದ 7 ಆಟದಲ್ಲಿ ಗೆದ್ದದ್ದು ಒಂದೇ. ತಂಡದವರ ಲೆಕ್ಕ ಬೇರೆ ಇತ್ತು, ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬಂದ ಹುಡುಗ, ಬೆಳೆಸಬೇಕು. ಆಮೇಲೆ ಈಲೈ ಅವರಿಗೆ ಎರಡು ಸೂಪರ್ ಬೌಲ್ ಗೆದ್ದುಕೊಟ್ಟ, ಹಾಗಾಗಿ ತಪ್ಪು ಅಂತಲೂ ಹೇಳಲಾಗದು. ಆದರೆ ಆ 9 ಆಟ ನೋಡಿ ವಾರ್ನರ್ ಮುಗಿದ ಅಂತ ಹೇಳಿದವರಿಗೆ ಕಣ್ಣಿರಲಿಲ್ಲ.

ವಾರ್ನರ್ ಆಗ ಗಲಾಟೆ ಮಾಡಿದ್ದು ನಾನು ಎಲ್ಲೂ ಓದಿಲ್ಲ. ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ.

ಹುಬ್ಬಳ್ಳಿ_ಹೈದ:
ಇಷ್ಟೆಲ್ಲ ಓದಿದ ಮೇಲೆ ಒಂದು ಪೂರ್ತಿ ಆಟ ನೋಡಬೇಕು ಅನಿಸಿದೆ. ಮೊದಲು ಯಾವುದು ನೋಡಲಿ? ಸೂಪರ್ ಬೌಲಾ?

ಗ್ಲೆಂಡೇಲ್_ಅಕ್ಕ:
ಸೂಪರ್ ಬೌಲ್ ಆಮೇಲೆ. 2010ರ ಜನವರಿ 10, ಗ್ರೀನ್ ಬೇ ವಿರುದ್ಧ ಇಲ್ಲಿ ಆಡಿದ್ದು ನೋಡು. ಅವನನ್ನು 1994ರಲ್ಲಿ ಮನೆಗೆ ಕಳಿಸಿದ ಅದೇ ಪ್ಯಾಕರ್ಸ್, ಈಗ ಅವರ ಕಡೆ ಆರನ್ ರಾಜರ್ಸ್. ವಾರ್ನರ್ 33 ಪಾಸ್ ಎಸೆದ, 29 ಸೇರಿತು, 5 ಟಚ್‌ಡೌನ್. ಅಂದರೆ ತಪ್ಪಿದ ಪಾಸ್‌ಗಿಂತ ಟಚ್‌ಡೌನ್ ಜಾಸ್ತಿ! 38 ವರ್ಷ ಆಗ. 31-10 ಮುಂದಿದ್ದವರು 45-45ಕ್ಕೆ ಬಂದು ನಿಂತರು, ನಮ್ಮ ಕಿಕ್ಕರ್ ಕೊನೆಯಲ್ಲಿ 34 ಯಾರ್ಡ್‌ನ ಸುಲಭದ ಕಿಕ್ ತಪ್ಪಿಸಿದ, ಓವರ್‌ಟೈಮ್‌ನಲ್ಲಿ 51-45.

ಮುಂದಿನ ವಾರದ ನ್ಯೂ ಓರ್ಲಿಯನ್ಸ್ ಆಟ ನೋಡಬೇಡ. ಎದುರಾಳಿ ಪಾಸ್ ಕಸಿದುಕೊಂಡು ಓಡುವಾಗ ಇವನು ತಡೆಯಲು ಹೋದ, ಬಾಬಿ ಮೆಕ್ರೇ ಎದೆಗೆ ಕೊಟ್ಟ ಏಟಿಗೆ ನೆಲಕ್ಕೆ ಬಿದ್ದವನು ಸ್ವಲ್ಪ ಹೊತ್ತು ಏಳಲಿಲ್ಲ. 45-14 ಸೋಲು. ಎರಡು ವಾರದೊಳಗೆ ನಿವೃತ್ತಿ ಹೇಳಿದ. ಇನ್ನೂ ಒಂದು ವರ್ಷದ ಕಾಂಟ್ರಾಕ್ಟ್ ಇತ್ತು, ಆ ದುಡ್ಡು ಬಿಟ್ಟು ಹೋದ.

ಕಡ್ಲೆಪುರಿ:
ಗ್ರೀನ್ ಬೇ ಆಟ ನಾನೂ ಒಪ್ಪುತ್ತೇನೆ, ಆದರೆ ಹುಬ್ಬಳ್ಳಿ ಹೈದ, ಓವರ್‌ಟೈಮ್‌ನ ಕೊನೆ ಸರಿಯಾಗಿ ನೋಡು. ಅದನ್ನು ಗೆಲ್ಲಿಸಿದ್ದು ವಾರ್ನರ್ ಅಲ್ಲ. ಮೈಕಲ್ ಆಡಮ್ಸ್ ರಾಜರ್ಸ್ ಕೈಯಿಂದ ಚೆಂಡು ಕಿತ್ತ, ಅದು ರಾಜರ್ಸ್ ಕಾಲಿಗೇ ಬಡಿದು ಮೇಲೆ ಹಾರಿತು, ಕಾರ್ಲೋಸ್ ಡ್ಯಾನ್ಸ್‌ಬಿ ಹಿಡಿದು ಓಡಿದ.

ಮೂರನೇ_ಡೌನ್:
ಮತ್ತೆ ಶುರು ಮಾಡಿದರಪ್ಪ ಇವರು. 45 ಪಾಯಿಂಟ್ ಡ್ಯಾನ್ಸ್‌ಬಿ ಹೊಡೆದನಾ ಸರ್?